ಗುಳಿಗೆಯ ಸವಕಳಿ ಲೆಕ್ಕ: ಫಿಟ್ಸ್ ಔಷಧ ಮತ್ತು ವಿಟಮಿನ್‌ಗಳ ನೂರು ವರ್ಷದ ಕಥೆ

ಭಾಗ 1/9: ಹೆಸರು ಹೇಳದ ಕಾಯಿಲೆ

ನಮ್ಮ ಕಡೆ ಇದಕ್ಕೆ ಹೆಸರು ಒಂದೆರಡಲ್ಲ. ಫಿಟ್ಸ್ ಅಂತೀವಿ, ಮೂರ್ಛೆರೋಗ ಅಂತೀವಿ. ಮರಾಠಿ, ಉರ್ದು ಮಾತಾಡೋ ಮನೆಗಳಲ್ಲಿ ಮಿರ್ಗಿ. ಆಯುರ್ವೇದದ ಗ್ರಂಥಗಳಲ್ಲಿ ಅಪಸ್ಮಾರ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಯಾವ ತಾಲ್ಲೂಕಿಗೆ ಹೋದರೂ ಹೆಸರು ಎಲ್ಲರಿಗೂ ಗೊತ್ತು. "ನಮ್ಮ ಮನೆಯಲ್ಲಿ ಒಬ್ಬರಿಗಿದೆ" ಅನ್ನುವವರು ಮಾತ್ರ ಸಿಗಲ್ಲ.

ಇಲ್ಲದೇ ಇರೋದಕ್ಕೆ ಸಿಗಲ್ಲ ಅಂದ್ಕೊಂಡ್ರಾ? ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರ ಸಮೀಕ್ಷೆ ಮಾಡಿದರು. ಸಾವಿರಕ್ಕೆ 8.8 ಜನರಿಗೆ ಅಪಸ್ಮಾರ ಇತ್ತು. ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಅಂದ್ರೆ ಹಳ್ಳಿಯಲ್ಲಿ ಎರಡು ಪಟ್ಟು. ಇದನ್ನ ಓದ್ತಾ ಇರೋ ನಿಮ್ಮಲ್ಲೇ ಒಂದಿಬ್ಬರು ದಿನಾ ರಾತ್ರಿ ಊಟ ಆದ ಮೇಲೆ ಯಾರಿಗೂ ಕಾಣದ ಹಾಗೆ ಒಂದು ಗುಳಿಗೆ ನುಂಗ್ತಿರಬಹುದು. ಹಾಸ್ಟೆಲ್ ರೂಮ್‌ಮೇಟ್‌ಗೂ ಗೊತ್ತಿರಲಿಕ್ಕಿಲ್ಲ.

ಈ ಸರಣಿ ಆ ಗುಳಿಗೆಯ ಇತಿಹಾಸ. ಅದು ಫಿಟ್ಸ್ ನಿಲ್ಲಿಸೋದು ಹೇಗೆ ಗೊತ್ತಾಯ್ತು, ವರ್ಷಗಟ್ಟಲೆ ತಗೊಂಡರೆ ಮೈಯೊಳಗಿನ ವಿಟಮಿನ್‌ಗಳಿಗೆ ಏನಾಗುತ್ತೆ, ಅದನ್ನ ಯಾರು ಕಂಡುಹಿಡಿದರು, ಅಷ್ಟು ತಡ ಯಾಕಾಯ್ತು ಅನ್ನೋದು.

ಶುರು ಮಾಡೋಕೆ ಮುಂಚೆ ಒಂದು ಮಾತು. ಇದನ್ನ ಓದಿ ಯಾರೂ ಗುಳಿಗೆ ನಿಲ್ಲಿಸಬೇಡಿ. ನಮ್ಮದು ಕಾಳಿ ನದಿ ದಂಡೆಯ ಊರುಗಳು. ಬಾವಿ ಇದೆ, ಕೆರೆ ಇದೆ, ಕಟ್ಟಿಗೆ ಒಲೆ ಇದೆ, ಕಾಡಿನ ತಿರುವಿನಲ್ಲಿ ಬೈಕ್ ಓಡಿಸೋ ದಾರಿ ಇದೆ. ಇಂಥ ಕಡೆ ಒಂದೇ ಒಂದು ಫಿಟ್ಸ್ ಜೀವ ತೆಗೀಬಹುದು. ಗುಳಿಗೆಯನ್ನ ದಿಢೀರ್ ಅಂತ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬರೋ ಅಪಾಯವೂ ಇದೆ. ನಾನು ಹೇಳೋ ಕಥೆ ಗುಳಿಗೆಯ ವಿರುದ್ಧ ಅಲ್ಲ. ಅದರ ಪೂರ್ತಿ ಲೆಕ್ಕ ನಮಗೆ ಗೊತ್ತಿರಲಿ ಅಂತ, ಅಷ್ಟೇ.

ಭಾಗ 2/9: ಗುಳಿಗೆ ಬಂದ ದಾರಿ

1857ಕ್ಕಿಂತ ಮುಂಚೆ ಜಗತ್ತಿನ ಯಾವ ಮೂಲೆಯಲ್ಲೂ ಫಿಟ್ಸ್ ತಡೆಯೋ ನಂಬಿಕಸ್ತ ಔಷಧ ಇರಲಿಲ್ಲ. ನಮ್ಮಲ್ಲಿ ಕೈಗೆ ಕಬ್ಬಿಣದ ಕೀಲಿ ಕೊಡೋದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯೋದು, ಬರೆ ಹಾಕೋದು ಇತ್ತು. ಯುರೋಪಿನವರೂ ಏನೂ ಮುಂದಿರಲಿಲ್ಲ. ಅಲ್ಲೂ ಇದೇ ಥರದ ಉಪಾಯಗಳೇ.

1857ರ ಮೇ ತಿಂಗಳಲ್ಲಿ ಲಂಡನ್ನಿನ ವೈದ್ಯರ ಒಂದು ಸಭೆಯಲ್ಲಿ ಚಾರ್ಲ್ಸ್ ಲೋಕಾಕ್ ಅನ್ನೋ ಡಾಕ್ಟರು, ಪೊಟ್ಯಾಷಿಯಂ ಬ್ರೋಮೈಡ್ ಅನ್ನೋ ಉಪ್ಪು ಕೊಟ್ಟರೆ ಫಿಟ್ಸ್ ಕಡಿಮೆ ಆಗುತ್ತೆ ಅಂತ ಹೇಳಿದರು. ಮುಂದಿನ ಐವತ್ತು ವರ್ಷ ಅದೇ ಔಷಧ. ಫಿಟ್ಸ್ ಕಡಿಮೆ ಆಗ್ತಿತ್ತು, ಹೌದು. ಆದರೆ ಮನುಷ್ಯ ಮಂಕಾಗಿ ಕೂತುಬಿಡ್ತಿದ್ದ, ಮೈಮೇಲೆ ಗುಳ್ಳೆ ಏಳ್ತಿತ್ತು.

1912ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್ ಅನ್ನೋ ಯುವ ವೈದ್ಯ ಇದ್ದರು. ರೋಗಿಗಳಿಗೆ ರಾತ್ರಿ ನಿದ್ದೆ ಬರಲಿ ಅಂತ ಬೇಯರ್ ಕಂಪನಿಯ ಹೊಸ ನಿದ್ದೆ ಔಷಧ ಕೊಟ್ಟರು. ನಿದ್ದೆ ಬಂತು, ಜೊತೆಗೆ ಫಿಟ್ಸೂ ಕಡಿಮೆ ಆಯ್ತು. ಅದೇ ಫಿನೋಬಾರ್ಬಿಟಾಲ್. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಗಾರ್ಡಿನಾಲ್ ಅಂತ ಸಿಗೋದು ಇದೇ. ನೂರು ವರ್ಷ ದಾಟಿದರೂ ಇನ್ನೂ ಬಳಕೆಯಲ್ಲಿದೆ. ಹಾಪ್ಟ್‌ಮನ್ ಯಹೂದಿ. ಮುಂದೆ ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಓಡಬೇಕಾಯ್ತು.

1938ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹೂಸ್ಟನ್ ಮೆರಿಟ್ ಮತ್ತು ಟ್ರೇಸಿ ಪಟ್ನಮ್ ಇನ್ನೊಂದು ದಾರಿ ಹಿಡಿದರು. ಬೆಕ್ಕುಗಳಿಗೆ ಸಣ್ಣ ಕರೆಂಟ್ ಶಾಕ್ ಕೊಟ್ಟು ಫಿಟ್ಸ್ ಬರಿಸಿ, ಯಾವ ರಾಸಾಯನಿಕ ಅದನ್ನ ತಡೆಯುತ್ತೆ ಅಂತ ಒಂದೊಂದಾಗಿ ಪರೀಕ್ಷೆ ಮಾಡಿದರು. ಸಿಕ್ಕಿದ್ದು ಫಿನಿಟೋಯಿನ್. ನಮ್ಮ ಕಡೆ ಎಪ್ಟಾಯಿನ್ ಅಂದರೆ ಗೊತ್ತಾಗುತ್ತೆ. ನಿದ್ದೆ ತರಿಸದೇನೂ ಫಿಟ್ಸ್ ತಡೀಬಹುದು ಅಂತ ತೋರಿಸಿಕೊಟ್ಟ ಔಷಧ ಇದು.

ಆಮೇಲೆ 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯಲ್ಲಿ ಕಾರ್ಬಮಝೆಪಿನ್ ತಯಾರಾಯ್ತು, ಅಂದ್ರೆ ಟೆಗ್ರಿಟಾಲ್. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ವಾಲ್‌ಪ್ರೊಯೇಟ್‌ನ ಗುಣ ಆಕಸ್ಮಿಕವಾಗಿ ಗೊತ್ತಾಯ್ತು. ಬೇರೆ ಔಷಧಗಳನ್ನ ಕರಗಿಸೋಕೆ ಬಳಸ್ತಿದ್ದ ದ್ರವವೇ ಫಿಟ್ಸ್ ತಡೀತಿತ್ತು!

ಭಾಗ 3/9: ಮೊದಲ ಅನುಮಾನ ತಪ್ಪು ವಿಟಮಿನ್ ಮೇಲೆ

ಫಿನಿಟೋಯಿನ್ ಬಂದ ಮರುವರ್ಷವೇ, 1939ರಲ್ಲಿ, ಅಮೆರಿಕದ ಕಿಂಬಲ್ ಅನ್ನೋ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಈ ಗುಳಿಗೆ ತಗೊಳ್ಳೋರ ಒಸಡು ಊದಿ ಹಲ್ಲಿನ ಮೇಲೆ ಬೆಳೀತಿತ್ತು. ಈಗಲೂ ಎಪ್ಟಾಯಿನ್ ತಗೊಳ್ಳೋ ಕೆಲವರಲ್ಲಿ ಇದನ್ನ ನೋಡಬಹುದು. ಒಸಡು ಅಂದ ಕೂಡಲೇ ಆ ಕಾಲದವರಿಗೆ ನೆನಪಾಗ್ತಿದ್ದದ್ದು ವಿಟಮಿನ್ ಸಿ. ಹಾಗಾಗಿ ಗುಳಿಗೆಯಿಂದ ವಿಟಮಿನ್ ಸಿ ಕಡಿಮೆ ಆಗ್ತಿದೆಯಾ ಅನ್ನೋ ಅನುಮಾನ ಎದ್ದಿತು. 1940ರಲ್ಲಿ ಸ್ವತಃ ಮೆರಿಟ್ ಅವರೇ ಪರೀಕ್ಷೆ ಮಾಡಿ, ವಿಟಮಿನ್ ಸಿ ಕೊರತೆಗೆ ಈ ಗುಳಿಗೆ ಕಾರಣ ಅಲ್ಲ ಅಂತ ತೋರಿಸಿದರು.

ಅಲ್ಲಿಗೆ ವಿಟಮಿನ್ ಮಾತು ಸುಮಾರು ಹನ್ನೆರಡು ವರ್ಷ ತಣ್ಣಗಾಯ್ತು. ಯಾಕೆ?

ನಾವು ಬಿಕಾಂನವರು ಇದನ್ನ ಬೇಗ ಅರ್ಥ ಮಾಡ್ಕೋಬಹುದು. ಒಂದು ಕಾರ್ಖಾನೆ ಹೊಸ ಮಷಿನ್ ತಂದಿದೆ ಅಂದ್ಕೊಳ್ಳಿ. ಮಾಲು ಬರ್ತಿದೆ, ದುಡ್ಡು ಬರ್ತಿದೆ, ಲಾಭ ಅಂತ ಬರ್ಕೊಂಡ್ವಿ. ಮಷಿನ್ ದಿನಾ ಸ್ವಲ್ಪ ಸ್ವಲ್ಪ ಸವೀತಿರೋದನ್ನ ಬರೀಲೇ ಇಲ್ಲ. ಮೊದಲ ವರ್ಷ ಏನೂ ಗೊತ್ತಾಗಲ್ಲ. ಹತ್ತನೇ ವರ್ಷ ಮಷಿನ್ ನಿಂತಾಗ, ಇಷ್ಟು ದಿನ ತೋರಿಸಿದ ಲಾಭದಲ್ಲಿ ಒಂದು ಪಾಲು ಸವಕಳಿಗೆ ಹೋಗಬೇಕಿತ್ತು ಅಂತ ಹೊಳೆಯುತ್ತೆ.

ಫಿಟ್ಸ್ ಗುಳಿಗೆಯಲ್ಲಿ ಆಗಿದ್ದು ಇದೇ. ಡಾಕ್ಟರು ಕೇಳ್ತಿದ್ದದ್ದು ಒಂದೇ ಪ್ರಶ್ನೆ: "ಫಿಟ್ಸ್ ಬಂತಾ, ಇಲ್ವಾ?" ಇಲ್ಲ ಅಂದರೆ ಲಾಭ. ವಿಟಮಿನ್ ಇಳಿಯೋದು ತಿಂಗಳಲ್ಲಿ ಕಾಣಲ್ಲ, ವರ್ಷಗಟ್ಟಲೆ ಬೇಕು. ಕಂಡರೂ ಸುಸ್ತು, ಮೈಕೈ ನೋವು, ಮಂಕು, ಇಷ್ಟೇ. ಫಿಟ್ಸ್ ಇರೋ ಮನುಷ್ಯ ಸುಸ್ತು ಅಂದರೆ "ಅದೇ ಕಾಯಿಲೆಯದ್ದು ಬಿಡು" ಅನ್ನೋದು ಸುಲಭ. ಗುಳಿಗೆಯ ಮೇಲೆ ಅನುಮಾನ ಪಡೋಕೆ ಯಾರಿಗೂ ಕಾರಣ ಇರಲಿಲ್ಲ.

ಭಾಗ 4/9: ಮುಂಬೈ ಗಿರಣಿಯ ಹೆಂಗಸರು

ಈಗ ಸ್ವಲ್ಪ ಹಿಂದೆ ಹೋಗೋಣ, ಬೇರೆ ಊರಿಗೆ. ಫಿಟ್ಸ್‌ಗೆ ಸಂಬಂಧವೇ ಇಲ್ಲ ಅನ್ನಿಸೋ ಈ ಕಥೆಯಿಂದಲೇ ನಮ್ಮ ಕಥೆಯ ಗಂಟು ಬಿಚ್ಚಿದ್ದು.

1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಮುಂಬೈ ಪ್ರಾಂತ್ಯದ ಒಳಗೇ ಇತ್ತು, 1956ರ ತನಕ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ದುಡಿಯೋ ಬಡ ಹೆಂಗಸರು ಬಸಿರಾದಾಗ ವಿಪರೀತ ರಕ್ತಹೀನತೆಯಿಂದ ಸಾಯ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ವಿಲ್ಸ್ ಅವರ ಊಟ ನೋಡಿದರು, ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಕೊನೆಗೆ ಮಾರ್ಮೈಟ್ ಅನ್ನೋ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನ ಪ್ರಕಟಿಸಿದರು. ಅದರೊಳಗೆ ಏನೋ ಇದೆ ಅಂತ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. ಜನ ಅದನ್ನ ವಿಲ್ಸ್ ಫ್ಯಾಕ್ಟರ್ ಅಂತ ಕರೆದರು.

1941ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಪಾಲಕ್ ಸೊಪ್ಪಿನ ರಾಶಿಯಿಂದ ಆ ವಸ್ತುವನ್ನ ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಎಲೆಗೆ ಫೋಲಿಯಂ ಅಂತಾರೆ, ಅದರಿಂದ ಫೋಲಿಕ್ ಆಸಿಡ್ ಅಂತ ಹೆಸರು ಬಂತು. 1945ರಲ್ಲಿ ಅದನ್ನ ಲ್ಯಾಬಿನಲ್ಲಿ ತಯಾರಿಸಿದ್ದು ಲೆಡರ್ಲಿ ಕಂಪನಿಯ ತಂಡ. ಆ ತಂಡ ಇದ್ದದ್ದು ಯಾರ ಕೈಕೆಳಗೆ ಗೊತ್ತಾ? ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಕೈಕೆಳಗೆ.

ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡ್ತಿದ್ದ ನೀಲಿ ಗುಳಿಗೆ ನೆನಪಿದೆಯಾ? ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಅರ್ಧ ಮಿಲಿಗ್ರಾಂ ಫೋಲಿಕ್ ಆಸಿಡ್. ಎಷ್ಟೋ ಜನ ಕಿಟಕಿಯಿಂದ ಹೊರಗೆ ಎಸೀತಿದ್ದ ಆ ಗುಳಿಗೆಯ ಹಿಂದೆ ಗಿರಣಿ ಹೆಂಗಸರ ಸಾವಿನ ಕಥೆ ಇದೆ.

ಇನ್ನು ಫಿಟ್ಸ್‌ಗೆ ಬರೋಣ. 1952ರಿಂದ ಯುರೋಪಿನ ವೈದ್ಯರು ಒಂದೊಂದಾಗಿ ವರದಿ ಬರೆಯೋಕೆ ಶುರು ಮಾಡಿದರು: ಫಿನಿಟೋಯಿನ್, ಫಿನೋಬಾರ್ಬಿಟಾಲ್ ವರ್ಷಗಟ್ಟಲೆ ತಗೊಂಡವರ ರಕ್ತದಲ್ಲಿ ಅದೇ ದೊಡ್ಡ ಗಾತ್ರದ ಕಣಗಳು ಕಾಣ್ತಿವೆ. ಬಸಿರಿ ಅಲ್ಲ, ಉಪವಾಸ ಇದ್ದವರಲ್ಲ. ಫೋಲಿಕ್ ಆಸಿಡ್ ಕೊಟ್ಟರೆ ಸರಿಹೋಗ್ತಿತ್ತು. ಗುಳಿಗೆಯ ಸವಕಳಿ ಲೆಕ್ಕದ ಮೊದಲ ಸಾಲು ಹೀಗೆ ಬರೆದಾಯ್ತು.

ಭಾಗ 5/9: ಔಷಧಕ್ಕೆ ಔಷಧ ಕೊಟ್ಟಾಗ

"ಹಂಗಿದ್ರೆ ಎಲ್ಲರಿಗೂ ಫೋಲಿಕ್ ಆಸಿಡ್ ಕೊಟ್ಟುಬಿಟ್ರೆ ಆಯ್ತಲ್ಲ?" ಅಂತ ನಿಮಗೆ ಅನ್ನಿಸಿರಬೇಕು. ಆ ಕಾಲದ ವೈದ್ಯರಿಗೂ ಹಾಗೇ ಅನ್ನಿಸ್ತು.

1967ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ರೆನಾಲ್ಡ್ಸ್ ಒಂದು ವರದಿ ಬರೆದರು. ಫಿಟ್ಸ್ ಗುಳಿಗೆ ತಗೊಂಡು ಫೋಲಿಕ್ ಆಸಿಡ್ ಕಡಿಮೆ ಆದವರಿಗೆ ತಿಂಗಳುಗಟ್ಟಲೆ ಅದನ್ನ ಕೊಟ್ಟು ನೋಡಿದ್ದರು. ಎರಡು ಬದಲಾವಣೆ ಕಂಡವು. ಹಲವರ ಮಂಕು ಹೋಗಿ ಮನಸ್ಸು ಚುರುಕಾಯ್ತು, ಮಾತು, ಉತ್ಸಾಹ ಹೆಚ್ಚಿತು. ಅದರ ಜೊತೆಗೇ ಹಲವರಲ್ಲಿ ಫಿಟ್ಸ್ ಕೂಡ ಹೆಚ್ಚಾಯ್ತು.

ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ. ಆಮೇಲೆ ಬಂದ ಅಧ್ಯಯನಗಳಲ್ಲಿ ಕೆಲವು ಇದನ್ನ ಒಪ್ಪಲಿಲ್ಲ. ಆದರೆ ಒಂದು ವಿಷಯ ಗಟ್ಟಿಯಾಗಿ ನಿಂತಿತು: ದೊಡ್ಡ ಪ್ರಮಾಣದ ಫೋಲಿಕ್ ಆಸಿಡ್ ಕೊಟ್ಟರೆ ರಕ್ತದಲ್ಲಿ ಫಿನಿಟೋಯಿನ್ ಪ್ರಮಾಣ ಇಳಿಯುತ್ತೆ. ಗುಳಿಗೆ ವಿಟಮಿನ್ನನ್ನ ಇಳಿಸಿದರೆ, ವಿಟಮಿನ್ ಗುಳಿಗೆಯನ್ನ ಇಳಿಸುತ್ತೆ. ತಕ್ಕಡಿಯ ಎರಡು ತಟ್ಟೆ ಇದ್ದಂಗೆ.

ಇನ್ನೊಂದು ಬಲೆಯೂ ಇದೆ. ರಕ್ತಹೀನತೆಗೆ ವಿಟಮಿನ್ ಬಿ12 ಕೊರತೆಯೂ ಕಾರಣ ಆಗಬಹುದು. ಶುದ್ಧ ಸಸ್ಯಾಹಾರದ ಮನೆಗಳಲ್ಲಿ ಇದು ಹೆಚ್ಚು. ಬಿ12 ಕಡಿಮೆ ಇರುವವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸರಿ ಆದಂಗೆ ಕಾಣುತ್ತೆ, ಒಳಗೆ ನರಗಳು ಹಾಳಾಗ್ತಾನೇ ಇರುತ್ತವೆ. ಹಾಗಾಗಿ ಎರಡನ್ನೂ ಪರೀಕ್ಷೆ ಮಾಡಿಸದೆ ಒಂದನ್ನ ಮಾತ್ರ ತುಂಬಿಕೊಳ್ಳೋದು ಜಾಣತನ ಅಲ್ಲ.

ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಿದೀನಿ ಅಂದ್ರೆ, ನಮ್ಮಲ್ಲಿ "ವಿಟಮಿನ್ ತಾನೆ, ಏನಾಗುತ್ತೆ" ಅಂತ ಮೆಡಿಕಲ್ ಅಂಗಡಿಯಿಂದ ಒಂದು ಸ್ಟ್ರಿಪ್ ತಂದು ತಿನ್ನೋ ರೂಢಿ ಇದೆ. ಫಿಟ್ಸ್ ಗುಳಿಗೆ ತಗೊಳ್ಳೋರಿಗೆ ವಿಟಮಿನ್ ಕೂಡ ಔಷಧವೇ. ಪ್ರಮಾಣ ಎಷ್ಟು ಅನ್ನೋದನ್ನ ಆ ಗುಳಿಗೆ ಬರೆದುಕೊಟ್ಟ ಡಾಕ್ಟರೇ ಹೇಳಬೇಕು.

ಭಾಗ 6/9: ಮೂಳೆಯಿಂದ ತೆಗೆದ ಸಾಲ

ಲೆಕ್ಕದ ಎರಡನೇ ಸಾಲು ವಿಟಮಿನ್ ಡಿ. 1960ರ ದಶಕದ ಕೊನೆಗೆ ಜರ್ಮನಿಯಲ್ಲಿ, 1970ರಲ್ಲಿ ಇಂಗ್ಲೆಂಡಿನಲ್ಲಿ ವರದಿಗಳು ಬಂದವು. ವರ್ಷಗಟ್ಟಲೆ ಫಿಟ್ಸ್ ಗುಳಿಗೆ ತಗೊಂಡವರ ಮೂಳೆ ಮೆತ್ತಗಾಗ್ತಿತ್ತು, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿತ್ತು. ಇಂಗ್ಲೆಂಡಿನ ಒಂದು ಅಧ್ಯಯನ ನಡೆದದ್ದು ಫಿಟ್ಸ್ ಇರುವವರೇ ಒಟ್ಟಿಗೆ ವಾಸ ಮಾಡೋ ಕೇಂದ್ರದಲ್ಲಿ. ಅಷ್ಟು ಜನ ಒಂದೇ ಕಡೆ ಇದ್ದದ್ದರಿಂದಲೇ ಅದು ಒಬ್ಬಿಬ್ಬರ ಸಮಸ್ಯೆ ಅಲ್ಲ ಅಂತ ಗೊತ್ತಾಯ್ತು.

ಒಳಗೆ ನಡೆಯೋದು ಹೀಗೆ. ಹೊರಗಿನಿಂದ ಬಂದ ಔಷಧವನ್ನ ಒಡೆದು ಹೊರಹಾಕೋಕೆ ಲಿವರ್‌ನಲ್ಲಿ ಕಿಣ್ವಗಳಿವೆ. ಫಿನೋಬಾರ್ಬಿಟಾಲ್, ಫಿನಿಟೋಯಿನ್, ಕಾರ್ಬಮಝೆಪಿನ್ ದಿನಾ ಬರ್ತಿದ್ದರೆ ಲಿವರ್ ಆ ಕಿಣ್ವಗಳನ್ನ ಹೆಚ್ಚು ಹೆಚ್ಚು ತಯಾರಿಸುತ್ತೆ. ಹೆಚ್ಚಾದ ಕಿಣ್ವಗಳು ವಿಟಮಿನ್ ಡಿಯನ್ನೂ ಬೇಗ ಬೇಗ ಒಡೆದುಹಾಕ್ತವೆ. ಡಿ ಕಡಿಮೆ ಆದರೆ ಕರುಳು ಊಟದಲ್ಲಿರೋ ಕ್ಯಾಲ್ಸಿಯಂ ಸರಿಯಾಗಿ ಹೀರಲ್ಲ. ರಕ್ತಕ್ಕಂತೂ ಕ್ಯಾಲ್ಸಿಯಂ ಬೇಕೇ ಬೇಕು. ಆಗ ಕುತ್ತಿಗೆಯಲ್ಲಿರೋ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಸಾಲ ತೆಗೆಸ್ತವೆ. ಸಾಲ ತೀರಿಸೋರು ಯಾರೂ ಇಲ್ಲ.

ಸೊಂಟ, ತೊಡೆ ನೋವು, ನೆಲದಿಂದ ಏಳೋಕೆ ಕಷ್ಟ, ಮೆಟ್ಟಿಲು ಹತ್ತೋಕೆ ಆಗಲ್ಲ. ಮನೆಯವರು "ವಾತ" ಅಂತಾರೆ. ಕ್ಯಾಲ್ಸಿಯಂ ತೀರಾ ಇಳಿದರೆ ಅದರಿಂದಲೇ ಫಿಟ್ಸ್ ಬರಬಹುದು, ಇದು ಇನ್ನೂ ವಿಪರ್ಯಾಸ.

"ನಮ್ಮಲ್ಲಿ ಬಿಸಿಲಿಗೆ ಬರವಾ?" ಅಂತ ಕೇಳ್ತೀರಿ. 2000ದಲ್ಲಿ ದೆಹಲಿಯ ಏಮ್ಸ್ ವೈದ್ಯರು ಯಾವ ಕಾಯಿಲೆಯೂ ಇಲ್ಲದ ಭಾರತೀಯರಲ್ಲೇ ವಿಟಮಿನ್ ಡಿ ತುಂಬಾ ಕಡಿಮೆ ಇರೋದನ್ನ ತೋರಿಸಿದರು. ಬಿಸಿಲು ಹೊರಗಿದ್ದರೆ ಸಾಲದು, ಮೈಮೇಲೆ ಬೀಳಬೇಕು. ಜೋಯಿಡಾ ಕಡೆ ಮಳೆಗಾಲ ಹಿಡಿದರೆ ವಾರಗಟ್ಟಲೆ ಸೂರ್ಯ ಕಾಣಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಫಿಟ್ಸ್ ಇರೋ ಹುಡುಗನನ್ನ, ಅದಕ್ಕಿಂತ ಹೆಚ್ಚಾಗಿ ಹುಡುಗಿಯನ್ನ, "ಎಲ್ಲಾದ್ರೂ ಬಿದ್ದರೆ? ಯಾರಾದ್ರೂ ನೋಡಿದರೆ?" ಅಂತ ಮನೆಯೊಳಗೇ ಇಟ್ಟುಕೊಳ್ತಾರೆ. ಗುಳಿಗೆ ಡಿ ಕರಗಿಸುತ್ತೆ, ಮನೆ ಬಿಸಿಲು ತಪ್ಪಿಸುತ್ತೆ. ಆಮೇಲೊಂದು ದಿನ ಫಿಟ್ಸ್ ಬಂದು ಬಿದ್ದರೆ, ಮೊದಲೇ ಮೆತ್ತಗಾದ ಮೂಳೆ ಮುರಿಯುತ್ತೆ.

ಭಾಗ 7/9: ಯಳಂದೂರು ಕಲಿಸಿದ್ದು

ಇಷ್ಟೆಲ್ಲಾ ಗೊತ್ತಾದ ಮೇಲೆ ಹಳೇ ಗುಳಿಗೆಗಳನ್ನ ಬಿಟ್ಟುಬಿಡಬೇಕಿತ್ತಲ್ವಾ? ಇದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ.

ಡಾ. ಕೆ.ಎಸ್. ಮಣಿ ಬೆಂಗಳೂರಿನ ಹಿರಿಯ ನರರೋಗ ತಜ್ಞರು. ತಲೆ ಮೇಲೆ ಬಿಸಿನೀರು ಹುಯ್ದುಕೊಂಡಾಗ ಬರೋ ಫಿಟ್ಸ್ ಬಗ್ಗೆ 1960ರ ದಶಕದಲ್ಲೇ ಬರೆದವರು. ಆ ಥರದ ಫಿಟ್ಸ್ ಕರ್ನಾಟಕದ ದಕ್ಷಿಣ ಭಾಗದಲ್ಲಿ ಜಾಸ್ತಿ. 1990ರ ದಶಕದಲ್ಲಿ ಅವರು ಮತ್ತು ಜೊತೆಗಾರರು ಯಳಂದೂರು ತಾಲ್ಲೂಕಿಗೆ ಹೋದರು. ಈಗ ಅದು ಚಾಮರಾಜನಗರ ಜಿಲ್ಲೆಯಲ್ಲಿದೆ. ಸುಮಾರು 65 ಸಾವಿರ ಜನರ ಸಮೀಕ್ಷೆ ಮಾಡಿ, ಫಿಟ್ಸ್ ಇದ್ದವರಿಗೆ ಎರಡೇ ಎರಡು ಹಳೇ ಅಗ್ಗದ ಔಷಧ ಕೊಟ್ಟರು: ಫಿನೋಬಾರ್ಬಿಟಾಲ್ ಅಥವಾ ಫಿನಿಟೋಯಿನ್. ಐದು ವರ್ಷ ಬೆನ್ನು ಹತ್ತಿ ನೋಡಿಕೊಂಡರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟ ಆಯ್ತು.

ಹಳ್ಳಿಯಲ್ಲೇ ಇದ್ದುಕೊಂಡು, ಅಗ್ಗದ ಗುಳಿಗೆಯಿಂದಲೇ ಅರ್ಧಕ್ಕಿಂತ ಹೆಚ್ಚು ಜನರ ಫಿಟ್ಸ್ ಹತೋಟಿಗೆ ಬಂದಿತ್ತು. ಇನ್ನೊಂದು ಪಾಠವೂ ಸಿಕ್ಕಿತು. ಚಿಕಿತ್ಸೆಗೆ ಬರೋ ಮೊದಲೇ 30ಕ್ಕಿಂತ ಹೆಚ್ಚು ದೊಡ್ಡ ಫಿಟ್ಸ್ ಅನುಭವಿಸಿದವರಿಗೆ ಗುಣ ಸಿಗೋದು ಕಷ್ಟ. ಬೇಗ ಬಂದವರಿಗೆ ಬೇಗ ಗುಣ. ಮುಚ್ಚಿಟ್ಟು ತಡ ಮಾಡಿದ್ದಕ್ಕೆ ಬೆಲೆ ಕಟ್ಟಬೇಕಾಯ್ತು.

ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ತಂದ ಮೊದಲ ಅಗತ್ಯ ಔಷಧಗಳ ಪಟ್ಟಿಯಲ್ಲೇ ಈ ಎರಡೂ ಇದ್ದವು. ಬಡ ದೇಶಗಳಲ್ಲಿ ಕೋಟಿಗಟ್ಟಲೆ ಜನ ಫಿಟ್ಸ್ ಇಲ್ಲದೆ ಬದುಕ್ತಿರೋದು ಇವುಗಳಿಂದಲೇ. ಹೊಸ ಗುಳಿಗೆಗಳಲ್ಲಿ ಲೆವೆಟಿರಾಸಿಟಮ್‌ನಂಥವು ಲಿವರ್ ಕಿಣ್ವಗಳನ್ನ ಕೆರಳಿಸಲ್ಲ, ಹೌದು. ಆದರೆ ಎಲ್ಲರಿಗೂ ಹೊಂದಲ್ಲ, ಎಲ್ಲರಿಗೂ ಕೈಗೆಟುಕಲ್ಲ.

ನಮ್ಮ ನಾಲ್ಕೂ ತಾಲ್ಲೂಕಿನವರು ನರರೋಗ ತಜ್ಞರನ್ನ ನೋಡಬೇಕು ಅಂದರೆ ಸಾಮಾನ್ಯವಾಗಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಬಸ್ ಹತ್ತಬೇಕು. ಜೋಯಿಡಾದ ಒಳಗಿನ ಹಳ್ಳಿಯವರಿಗೆ ಬಸ್‌ಸ್ಟಾಪಿಗೆ ನಡೆಯೋದೇ ಒಂದು ಪ್ರಯಾಣ. ಒಂದು ದಿನದ ಕೂಲಿ ಹೋಗುತ್ತೆ. ಹಾಗಾಗಿ ಹಳೇ ಚೀಟಿ ತೋರಿಸಿ ಅದೇ ಗುಳಿಗೆ ತರಿಸಿಕೊಳ್ತಾ ಹೋಗ್ತಾರೆ. ಐದು ವರ್ಷ, ಹತ್ತು ವರ್ಷ. ಗುಳಿಗೆ ಸಿಗುತ್ತೆ, ರಕ್ತ ಪರೀಕ್ಷೆ ಆಗಲ್ಲ. ಯಳಂದೂರಿನಲ್ಲಿ ಗೆದ್ದದ್ದು ಗುಳಿಗೆ ಒಂದೇ ಅಲ್ಲ, ಐದು ವರ್ಷ ಬಿಡದೆ ವಿಚಾರಿಸಿದವರು ಇದ್ದರು.

ಭಾಗ 8/9: ಮೊದಲ 28 ದಿನ

ಈ ಭಾಗವನ್ನ ಹುಡುಗಿಯರೂ ಓದಿ, ಹುಡುಗರೂ ಓದಿ.

ಮಗು ಹೊಟ್ಟೆಯಲ್ಲಿ ಮೂಡಿದ ಮೊದಲ 28 ದಿನದೊಳಗೆ ಅದರ ಮಿದುಳು, ಬೆನ್ನುಹುರಿ ಆಗಬೇಕಾದ ಕೊಳವೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಬೆನ್ನು ತೆರೆದುಕೊಂಡು ಹುಟ್ಟಬಹುದು. 28 ದಿನ ಅಂದ್ರೆ ಎಷ್ಟೋ ಹೆಂಗಸರಿಗೆ ತಾನು ಬಸಿರಿ ಅಂತ ಗೊತ್ತೇ ಆಗಿರಲ್ಲ. ಆಶಾ ಕಾರ್ಯಕರ್ತೆ ಹೆಸರು ಬರ್ಕೊಂಡು ತಾಯಿ ಕಾರ್ಡ್ ಕೊಡೋ ಹೊತ್ತಿಗೆ ಆ ಕೊಳವೆಯ ಕಥೆ ಮುಗಿದಿರುತ್ತೆ.

1982ರಲ್ಲಿ ಫ್ರಾನ್ಸಿನ ವೈದ್ಯರು, ವಾಲ್‌ಪ್ರೊಯೇಟ್ ತಗೊಂಡ ತಾಯಂದಿರ ಮಕ್ಕಳಲ್ಲಿ ಈ ದೋಷ ಹೆಚ್ಚು ಅಂತ ತೋರಿಸಿದರು. ನೂರಕ್ಕೆ ಒಂದೆರಡು ಮಕ್ಕಳು. 1991ರಲ್ಲಿ ಬ್ರಿಟನ್ನಿನ ನೇತೃತ್ವದಲ್ಲಿ 7 ದೇಶಗಳ 33 ಕೇಂದ್ರಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ ಇಂಥ ಮಗು ಹೆತ್ತ ತಾಯಂದಿರು ಬಸಿರಾಗೋಕೆ ಮುಂಚಿನಿಂದಲೇ ದಿನಾ 4 ಮಿಲಿಗ್ರಾಂ ಫೋಲಿಕ್ ಆಸಿಡ್ ತಗೊಂಡರೆ, ಮತ್ತೆ ಹಾಗಾಗೋದು 72 ಶೇಕಡಾ ತಪ್ಪುತ್ತೆ. ಆದರೆ ಆ ಪ್ರಯೋಗದಿಂದ ಫಿಟ್ಸ್ ಇರೋ ಹೆಂಗಸರನ್ನ ಹೊರಗಿಟ್ಟಿದ್ದರು. ಫೋಲಿಕ್ ಆಸಿಡ್‌ನಿಂದ ಅವರ ಚಿಕಿತ್ಸೆ ಕೆಡಬಹುದು ಅನ್ನೋ ಭಯ, ಐದನೇ ಭಾಗದಲ್ಲಿ ಹೇಳಿದ್ದು. ಯಾರಿಗೆ ಹೆಚ್ಚು ಬೇಕಿತ್ತೋ ಅವರ ಲೆಕ್ಕವೇ ಬರಲಿಲ್ಲ. ಈಗ ವೈದ್ಯರು ಫಿಟ್ಸ್ ಗುಳಿಗೆ ತಗೊಳ್ಳೋ ಹೆಂಗಸರಿಗೆ ಬಸಿರಾಗೋಕೆ ಮುಂಚೆಯೇ ಫೋಲಿಕ್ ಆಸಿಡ್ ಶುರು ಮಾಡ್ತಾರೆ, ಸಾಧ್ಯವಾದರೆ ವಾಲ್‌ಪ್ರೊಯೇಟ್ ಬದಲಿಸ್ತಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ 1998ರಿಂದ ಇಂಥ ತಾಯಂದಿರ ದಾಖಲೆ ಇಟ್ಟು ಅಧ್ಯಯನ ಮಾಡ್ತಾ ಇದೆ. ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟೋದು.

ಸಮಸ್ಯೆ ಏನಂದ್ರೆ, "ಮುಂಚೆಯೇ" ಅನ್ನೋ ಪದ. ಮುಂಚೆ ಶುರು ಮಾಡಬೇಕು ಅಂದ್ರೆ ಮುಂಚೆ ಹೇಳಬೇಕು. ಗಂಡನ ಮನೆಯವರಿಗೆ ಗೊತ್ತಾಗದ ಹಾಗೆ ಗುಳಿಗೆಯನ್ನ ಸೂಟ್‌ಕೇಸಿನ ತಳದಲ್ಲಿಟ್ಟ ಹುಡುಗಿ, ಫೋಲಿಕ್ ಆಸಿಡ್ ಕೇಳೋದು ಯಾರ ಹತ್ರ? ಮದುವೆ ಆದ ಮೇಲೆ ಭಯಕ್ಕೆ ಗುಳಿಗೆಯನ್ನೇ ಬಿಟ್ಟರೆ ಅದು ಇನ್ನೂ ಅಪಾಯ.

ಅವಳನ್ನ ಬೈಯೋಕೆ ಮುಂಚೆ ಕಾನೂನು ನೋಡಿ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಮತ್ತೆ ಮತ್ತೆ ಬರೋ ಹುಚ್ಚಿನ ಜೊತೆಗೇ ಅಪಸ್ಮಾರವನ್ನೂ ಸೇರಿಸಿದ್ದರು. ಫಿಟ್ಸ್ ಇದೆ ಅಂತ ಮದುವೆಯನ್ನೇ ರದ್ದು ಮಾಡಿಸಬಹುದಿತ್ತು. 1999ರಲ್ಲಿ ಆ ಪದ ತೆಗೆದರು. 23 ವರ್ಷ ಕಾನೂನೇ "ಹೇಳಿದರೆ ಕೆಟ್ಟೆ" ಅಂತ ಹೆದರಿಸಿತ್ತು. ನಮ್ಮ ಅಮ್ಮಂದಿರ ಕಾಲದ ಮದುವೆಗಳು ನಡೆದದ್ದು ಆ ಹೆದರಿಕೆಯಲ್ಲಿ. ಕಾನೂನು ಹೋಗಿದೆ, ಹೆದರಿಕೆ ಹೋಗಿಲ್ಲ.

ಇನ್ನೊಂದು ಸಾಲು, ವಿಟಮಿನ್ ಕೆ. ಫಿಟ್ಸ್ ಗುಳಿಗೆ ತಗೊಂಡ ಕೆಲವು ತಾಯಂದಿರ ಕೂಸುಗಳಿಗೆ ರಕ್ತ ಹೆಪ್ಪುಗಟ್ಟದೆ ಸೋರೋದು 1970ರ ಹೊತ್ತಿಗೆ ಗೊತ್ತಾಗಿತ್ತು. ಹುಟ್ಟಿದ ಕೂಡಲೇ ಒಂದು ವಿಟಮಿನ್ ಕೆ ಇಂಜೆಕ್ಷನ್ ಸಾಕು, ಈಗ ಎಲ್ಲ ಕೂಸುಗಳಿಗೂ ಕೊಡ್ತಾರೆ. ಮನೆಯಲ್ಲೇ ಹೆರಿಗೆ ಆದರೆ ಮಾತ್ರ ಇದು ತಪ್ಪಿಹೋಗುತ್ತೆ.

ಭಾಗ 9/9: ಕೇಳಬೇಕಾದ ಪ್ರಶ್ನೆಗಳು

ನೂರು ವರ್ಷದ ಕಥೆಯನ್ನ ಒಟ್ಟಿಗೆ ಇಟ್ಟು ನೋಡಿ. ಫೋಲಿಕ್ ಆಸಿಡ್ ಇಳಿಯೋದು 1950ರ ದಶಕದಲ್ಲಿ ಗೊತ್ತಾಯ್ತು. ವಿಟಮಿನ್ ಡಿ, ವಿಟಮಿನ್ ಕೆ 1970ರ ಹೊತ್ತಿಗೆ. 28 ದಿನದ ಲೆಕ್ಕ 1991ಕ್ಕೆ. ಎಲ್ಲವೂ ನಾವು ಹುಟ್ಟೋಕೆ ಮುಂಚೆ. ಪರಿಹಾರಗಳೂ ದುಬಾರಿ ಏನಲ್ಲ: ಗುಳಿಗೆ, ಇಂಜೆಕ್ಷನ್, ಬಿಸಿಲು, ಊಟ. ಇಷ್ಟಾದರೂ ನಮ್ಮ ಊರುಗಳ ಮನೆಗಳಿಗೆ ಇದು ತಲುಪಿಲ್ಲ ಅಂದ್ರೆ, ಕೊರತೆ ಇರೋದು ವಿಜ್ಞಾನದಲ್ಲಿ ಅಲ್ಲ. ಡಾಕ್ಟರ್ ದೂರ ಇದ್ದಾರೆ, ಮನೆಯವರು ಬಾಯಿ ಬಿಡಲ್ಲ. ಬಸ್ಸಿನ ದೂರವನ್ನ ನಾನು, ನೀವು ಇವತ್ತೇ ಕಡಿಮೆ ಮಾಡೋಕಾಗಲ್ಲ. ಬಾಯಿ ಬಿಡೋದು ನಮ್ಮ ಕೈಲಿದೆ.

ನೀವೋ, ನಿಮ್ಮವರೋ ವರ್ಷಗಟ್ಟಲೆ ಫಿಟ್ಸ್ ಗುಳಿಗೆ ತಗೊಳ್ತಿದ್ದರೆ ಮುಂದಿನ ಸಲ ಡಾಕ್ಟರ ಹತ್ರ ಇಷ್ಟು ಕೇಳಿ:

ನಾನು ತಗೊಳ್ತಿರೋದು ಲಿವರ್ ಕಿಣ್ವ ಹೆಚ್ಚಿಸೋ ಗುಳಿಗೆಯಾ? ಸ್ಟ್ರಿಪ್ ಮೇಲೆ ಬ್ರಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ನಿಜ ಹೆಸರು ಇರುತ್ತೆ, ಫೋಟೋ ತೆಗೆದಿಟ್ಟುಕೊಳ್ಳಿ.

ವಿಟಮಿನ್ ಡಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕಾ? ರಕ್ತಕಣ, ಬಿ12, ಫೋಲಿಕ್ ಆಸಿಡ್ ನೋಡಬೇಕಾ?

ಮದುವೆ ಗೊತ್ತಾಗಿದ್ದರೆ, ಮಗು ಬೇಕು ಅಂತಿದ್ದರೆ: ಯಾವ ಗುಳಿಗೆ, ಎಷ್ಟು ಫೋಲಿಕ್ ಆಸಿಡ್, ಯಾವತ್ತಿನಿಂದ? ಇದನ್ನ ಕೇಳೋಕೆ ಗಂಡನೂ ಜೊತೆಗೆ ಹೋಗಲಿ.

60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಷೆ ಅಂಗಡಿಯಲ್ಲಿ ಸಿಗುತ್ತೆ ಅಂತ ನೀವೇ ತಂದು ವಾರವಾರ ಕುಡೀತಾ ಹೋಗಬೇಡಿ, ಹೆಚ್ಚಾದರೆ ಅದೂ ವಿಷ. ಊಟದಲ್ಲಿ ರಾಗಿ ಇರಲಿ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಹರಿವೆ, ಪಾಲಕ್, ಹೆಸರುಕಾಳು ಫೋಲಿಕ್ ಆಸಿಡ್‌ಗೆ ಒಳ್ಳೇದು, ಆದರೆ ಸೊಪ್ಪನ್ನ ತಾಸುಗಟ್ಟಲೆ ಕುದಿಸಿ ನೀರು ಚೆಲ್ಲಬೇಡಿ. ಊಟ ಸಹಾಯ ಮಾಡುತ್ತೆ, ಪರೀಕ್ಷೆಗೆ ಬದಲಿ ಅಲ್ಲ.

ಫಿಟ್ಸ್ ಇಲ್ಲದವರಿಗೂ ಒಂದು ಕೆಲಸ ಇದೆ. ಯಾರಾದರೂ ನಿಮ್ಮ ಮುಂದೆ ಬಿದ್ದರೆ ಬಾಯಿಗೆ ಏನೂ ತುರುಕಬೇಡಿ, ಕೀಲಿ ಹುಡುಕಬೇಡಿ. ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಬ್ಯಾಗ್ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಎಚ್ಚರ ಆದ ಮೇಲೆ ವಿಡಿಯೋ ತೋರಿಸಿ ನಗಬೇಡಿ, "ನೀರು ಬೇಕಾ?" ಅಂತ ಕೇಳಿ. ಅಷ್ಟು ಮಾಡಿದರೆ, ಗುಳಿಗೆಯ ವಿಷಯವನ್ನ ಅವರು ಬಾಯಿಬಿಟ್ಟು ಹೇಳೋ ಮೊದಲ ಮನುಷ್ಯ ನೀವೇ ಆಗಬಹುದು.

ಸೇವ್ ಮಾಡಿಕೊಳ್ಳಿ. ಯಾರಿಗೆ ಬೇಕೋ ಅವರಿಗೆ ಕಳಿಸಿ, ಟ್ಯಾಗ್ ಮಾಡಬೇಡಿ. ಮೆಸೇಜಿನಲ್ಲಿ ಕಳಿಸಿ.

#ದಾಂಡೇಲಿ #ಹಳಿಯಾಳ #ಜೋಯಿಡಾ #ಮುಂಡಗೋಡ #ಉತ್ತರಕನ್ನಡ #ಇತಿಹಾಸ #ಮೂರ್ಛೆರೋಗ #ಕನ್ನಡದಲ್ಲಿಆರೋಗ್ಯ